ಒಂದೇ ಕೋನ್, ಒಂದು ಹಾಲ್, ಇಬ್ಬರು ಕೇಳುಗರು: ಮೈಸೂರಿನ ಮನೆಯೊಂದಕ್ಕೆ ಫುಲ್‌ರೇಂಜ್ ಸ್ಪೀಕರ್ ಆರಿಸಿದ ಬಗೆ

ಮನೆ ನಮ್ಮ ಸೋದರಮಾವನದು, ಮೈಸೂರಿನಲ್ಲಿದೆ. ಮಾವನಿಗೆ 72 ವರ್ಷ. ಬೆಳಗ್ಗೆ ಕಾಫಿ ಆದಮೇಲೆ ಒಂದು ಸುತ್ತು, ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಂದು ಸುತ್ತು ಸಂಗೀತ ಕೇಳುತ್ತಾರೆ. ಹೆಚ್ಚಾಗಿ ಹಿಂದೂಸ್ತಾನಿ ಗಾಯನ, ಆಮೇಲೆ ವೀಣೆ, ಪಿಟೀಲು. ಜೋರಾಗಿ ಕೇಳುವ ಅಭ್ಯಾಸ ಅವರಿಗಿಲ್ಲ. ಹಾಡು ನಡೀತಿರುವಾಗಲೇ ಪಕ್ಕದವರ ಜೊತೆ ಮಾತಾಡಬಹುದು, ಅಷ್ಟೇ ಸದ್ದು.

ಅವರ ಹತ್ತಿರ ಇದ್ದದ್ದು ಮೂರು ಡ್ರೈವರ್‌ಗಳ (ಕೋನ್ ಆಡಿಸಿ ಸದ್ದು ಹೊರಡಿಸುವ ಭಾಗಗಳ), ಸೊಂಟದೆತ್ತರದ ಹಳೇ ಸ್ಪೀಕರ್ ಜೋಡಿ. ಅದನ್ನು ಬದಲಿಸಬೇಕು ಅಂತ ಹೇಳಿದಾಗ ಅವರು ಕೊಟ್ಟ ಕಾರಣ ಇದು: "ಹಾಡೋರು ಒಬ್ಬರೇ ಅನ್ನಿಸ್ಬೇಕು ಕಣೋ. ಇದ್ರಲ್ಲಿ ಗಂಟಲು ಒಂದು ಕಡೆ, ಹಲ್ಲು ಇನ್ನೊಂದು ಕಡೆ."

ಇದಕ್ಕಿಂತ ಒಳ್ಳೆಯ ದೂರು ನಾನು ಕೇಳಿಲ್ಲ. ತೊಂದರೆ ಎಲ್ಲಿದೆ ಅನ್ನುವುದನ್ನು ಅದು ನೇರವಾಗಿ ತೋರಿಸುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ತಗ್ಗಿನ ಸ್ವರಗಳ ವೂಫರ್ ಕೆಳಗಿರುತ್ತದೆ, ಎತ್ತರದ ಸ್ವರಗಳ ಟ್ವೀಟರ್ ಮೇಲಿರುತ್ತದೆ. ದೂರ ಕೂತರೆ ಎಲ್ಲ ಸೇರಿ ಒಂದಾಗಿ ಕೇಳುತ್ತದೆ. ಸಣ್ಣ ಕೋಣೆಯಲ್ಲಿ ಹತ್ತಿರ ಕೂತರೆ ಹಾಗಾಗುವುದು ಕಷ್ಟ. ಜೊತೆಗೆ, ಒಂದು ಡ್ರೈವರ್‌ನಿಂದ ಇನ್ನೊಂದಕ್ಕೆ ಸದ್ದನ್ನು ದಾಟಿಸುವ ಕ್ರಾಸ್‌ಓವರ್ ಎಷ್ಟೋ ಸ್ಪೀಕರ್‌ಗಳಲ್ಲಿ 2,000ದಿಂದ 3,500 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಸುತ್ತ ಬರುತ್ತದೆ. ನಮ್ಮ ಕಿವಿ ತುಂಬಾ ಚುರುಕಾಗಿರುವುದು 2,000ದಿಂದ 5,000 ಹರ್ಟ್ಜ್ ಒಳಗೇ. ಕ, ತ, ಸ, ಶ ಬಿಡಿಬಿಡಿಯಾಗಿ ಗೊತ್ತಾಗುವುದೂ ಹೆಚ್ಚುಕಡಿಮೆ ಅಲ್ಲೇ. ಆ ಜಾಗದಲ್ಲಿ ಜೋಡಣೆ ಸರಿ ಕೂಡದಿದ್ದರೆ ಹಾಡುಗಾರರ ದನಿ ಸೀಳಿದ ಹಾಗೆ ಕೇಳುತ್ತದೆ. ಚೆನ್ನಾಗಿ ಮಾಡಿದ ಎರಡು ಡ್ರೈವರ್‌ಗಳ ಸ್ಪೀಕರ್‌ನಲ್ಲಿ ಈ ತೊಂದರೆ ಇರುವುದಿಲ್ಲ, ಅದನ್ನೂ ಹೇಳಬೇಕು. ಆದರೆ ಗಾಯನ, ಮೆಲ್ಲನೆ ಸದ್ದು, ಸಣ್ಣ ಕೋಣೆ, ಹತ್ತಿರದ ಕುರ್ಚಿ ಎಲ್ಲ ಒಟ್ಟಿಗೆ ಇದ್ದರೆ ಎಲ್ಲ ಸ್ವರಗಳನ್ನೂ ಒಂದೇ ಡ್ರೈವರ್ ನುಡಿಸುವ ಫುಲ್‌ರೇಂಜ್ ಸ್ಪೀಕರ್ ತುಂಬಾ ಚೆನ್ನಾಗಿ ಕೂರುತ್ತದೆ. ಇಲ್ಲಿ ಎಲ್ಲವೂ ಇತ್ತು.

ಮಾವನ ಕಿವಿ ಪಳಗಿದ್ದೂ ಇಂಥ ಸದ್ದಿಗೇ. ಹಳೇ ವಾಲ್ವ್ ರೇಡಿಯೋಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಒಂದೇ ಕಾಗದದ ಕೋನ್. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ ಊರಿದು. ಇಲ್ಲಿ ಒಂದು ತಲೆಮಾರು ದೊಡ್ಡ ಗಾಯಕರನ್ನೆಲ್ಲ ಮೊದಲು ಕೇಳಿದ್ದು ಅಂಥ ಒಂಟಿ ಕೋನ್‌ನಿಂದಲೇ. ಅದರಲ್ಲಿ ಮೇಲಿನ ಸ್ವರಗಳ ಮಿಂಚು ಇರಲಿಲ್ಲ, ಕೆಳಗಿನ ಗಾಂಭೀರ್ಯವೂ ಕಡಿಮೆ. ಆದರೆ ದನಿ ಮಾತ್ರ ಒಂದೇ ಕಡೆಯಿಂದ ಬರುತ್ತಿತ್ತು.

ಕೋಣೆ ಮತ್ತು ಅತ್ತೆಯ ಕುರ್ಚಿ

ಡ್ರೈವರ್ ಯಾವುದು ಅನ್ನುವ ಮಾತಿಗೆ ಮುಂಚೆ ಟೇಪ್ ಹಿಡಿದು ಹಾಲ್ ಅಳೆದೆವು. 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಕೆಂಪು ಗಾರೆ ನೆಲ, ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಟಣ್ ಅನ್ನುತ್ತದೆ. ಸ್ಪೀಕರ್ ಇಡುವುದು 12 ಅಡಿಯ ಗೋಡೆಯ ಕಡೆ. ಗೋಡೆಯಿಂದ ಒಂದು ಅಡಿಗಿಂತ ಜಾಸ್ತಿ ಮುಂದೆ ತರುವ ಹಾಗಿಲ್ಲ, ಓಡಾಡಲು ದಾರಿ ಬೇಕು.

ಮಾವ ಎದುರಿಗೆ, ನಡುವಿನ ಕುರ್ಚಿಯಲ್ಲಿ ಕೂರುತ್ತಾರೆ. ಅತ್ತೆ ಕೂರುವುದು ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿಯಲ್ಲಿ. ಹೂ ಕಟ್ಟುತ್ತಲೋ ಅವರೆಕಾಳು ಬಿಡಿಸುತ್ತಲೋ ಅವರೂ ಕೇಳುತ್ತಾರೆ, ಮಾವನಷ್ಟೇ ಮನಸ್ಸಿಟ್ಟು. ಆ ಕುರ್ಚಿ ಎಡ ಸ್ಪೀಕರ್‌ನ ನೇರಕ್ಕಿಂತ ಸುಮಾರು 40 ಡಿಗ್ರಿ ಆಚೆಗಿದೆ. ಕೊನೆಗೆ ಈ ಪ್ರಕರಣವನ್ನು ತೀರ್ಮಾನಿಸಿದ್ದು ಆ ಕುರ್ಚಿ. ಫುಲ್‌ರೇಂಜ್ ಬಗ್ಗೆ ಬರೆಯುವವರು ಹೆಚ್ಚಾಗಿ ನಡುವಿನ ಒಂದು ಕುರ್ಚಿ ಬಿಟ್ಟು ಬೇರೆ ಕುರ್ಚಿಯ ಮಾತೇ ಎತ್ತುವುದಿಲ್ಲ. ಮನೆ ಅಂದಮೇಲೆ ಇನ್ನೊಬ್ಬರೂ ಇರುತ್ತಾರೆ, ಅಲ್ವಾ?

ಯಾಕೆ ಆ ಕುರ್ಚಿ ಮುಖ್ಯ ಅಂದರೆ, ಸದ್ದಿನ ಅಲೆಯ ಉದ್ದ ಕೋನ್‌ನ ಅಗಲಕ್ಕೆ ಹತ್ತಿರವಾಗುತ್ತಾ ಬಂದಹಾಗೆ ಸದ್ದು ಎಲ್ಲ ಕಡೆ ಹರಡುವುದನ್ನು ಬಿಟ್ಟು ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಹೋಗಲು ಶುರುಮಾಡುತ್ತದೆ. 20 ಸೆಂ.ಮೀ. ಅಗಲದ 8 ಇಂಚಿನ ಕೋನ್‌ಗೆ ಈ ಮಟ್ಟ ಬರುವುದು 1,700 ಹರ್ಟ್ಜ್ ಸುತ್ತ. 10 ಸೆಂ.ಮೀ. ಅಗಲದ 4 ಇಂಚಿನದಕ್ಕೆ 3,400 ಹರ್ಟ್ಜ್ ಸುತ್ತ. ಟ್ವೀಟರ್ ಇರುವ ಸ್ಪೀಕರ್‌ನಲ್ಲಿ ಅಷ್ಟು ಹೊತ್ತಿಗೆ ಕೆಲಸ ಒಂದು ಇಂಚಿನ ಗುಮ್ಮಟಕ್ಕೆ ಹೋಗಿರುತ್ತದೆ. ಇಲ್ಲಿ ಹಾಗೆ ಕೈ ಬದಲಾಗುವುದಿಲ್ಲ. ಹಾಗಾಗಿ ಕೋನ್ ದೊಡ್ಡದಾದಷ್ಟೂ ಪಕ್ಕದಲ್ಲಿ ಕೂತವರಿಗೆ ಹಾಡು ಮಂಕಾಗುತ್ತದೆ.

ಹಾಗಾದರೆ ಸಣ್ಣದನ್ನೇ ಹಾಕಿದರೆ ಆಯ್ತಲ್ಲ? ಅಲ್ಲೂ ಒಂದು ಲೆಕ್ಕ ಇದೆ. ಅಷ್ಟೇ ಜೋರಿನ ಸದ್ದನ್ನು ಅರ್ಧದಷ್ಟು ಹರ್ಟ್ಜ್‌ನಲ್ಲಿ ಕೊಡಬೇಕಾದರೆ ಕೋನ್ ನಾಲ್ಕರಷ್ಟು ದೂರ ಹಿಂದೆಮುಂದೆ ಆಡಬೇಕು. 80 ಹರ್ಟ್ಜ್‌ನಲ್ಲಿ ಅರ್ಧ ಮಿಲಿಮೀಟರ್ ಆಡಿದರೆ ಸಾಕಾಗುವ ಕಡೆ 40 ಹರ್ಟ್ಜ್‌ಗೆ ಎರಡು ಮಿಲಿಮೀಟರ್ ಬೇಕು. ಸಣ್ಣ ಕೋನ್ ತಳ್ಳುವ ಗಾಳಿ ಮೊದಲೇ ಕಡಿಮೆ. ಅದೇ ಕೋನ್ ಮೇಲೆ ದನಿಯೂ ಕೂತಿರುತ್ತದೆ. ತಬಲಾ ಜೋಡಿಯ ಎಡಗೈಯ ಡಗ್ಗಾ ಜೋರಾಗಿ ಹೊಡೆದಾಗಲೆಲ್ಲ ದನಿ ಕಲಕುತ್ತದೆ.

ಈ ಸಂಗೀತಕ್ಕೆ ಎಷ್ಟು ಕೆಳಗೆ ಹೋಗಬೇಕು ಅನ್ನುವುದನ್ನೂ ನೋಡಿದೆವು. ಒಂದೂವರೆ ಮನೆ ಶ್ರುತಿಯಲ್ಲಿ ಹಾಡುವ ಗಂಡಸರ ಮಧ್ಯ ಷಡ್ಜ ಸುಮಾರು 139 ಹರ್ಟ್ಜ್. ಅವರ ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಸುಮಾರು 69. ತಂಬೂರಿಯ ತಂತಿಯಡಿಯ ನೂಲು, ಅಂದರೆ ಜೀವಾಳ, ಎಬ್ಬಿಸುವ ಮೇಲಿನ ಸ್ವರಗಳ ಗುಂಪೇ ನಮ್ಮ ಕಿವಿಗೆ ಜಾಸ್ತಿ ಬೀಳುವುದು ನಿಜ. ಆದರೂ ಆ 69 ಇಲ್ಲದಿದ್ದರೆ ಶ್ರುತಿಗೆ ನೆಲ ಇರುವುದಿಲ್ಲ. ಹಾಗಾಗಿ 50 ಹರ್ಟ್ಜ್‌ವರೆಗೆ ಸರಿಯಾಗಿ ಬಂದರೆ ಈ ಮನೆಗೆ ಸಾಕು ಅಂತ ಗೆರೆ ಎಳೆದೆವು. ಪಾಶ್ಚಾತ್ಯ ವಾದ್ಯವೃಂದದ ಡಬಲ್ ಬಾಸ್ 41 ಹರ್ಟ್ಜ್‌ಗೆ ಇಳಿಯುತ್ತದೆ. ಅದು ಈ ಮನೆಯಲ್ಲಿ ಅಪರೂಪ.

ಎದುರಿಗಿದ್ದ ದಾರಿಗಳು

ಮೊದಲನೆಯದು 8 ಇಂಚಿನ, ಹೆಚ್ಚು ಸೂಕ್ಷ್ಮತೆಯ (ಕಡಿಮೆ ವ್ಯಾಟ್‌ಗೇ ಜೋರಾಗಿ ನುಡಿಯುವ), ಬಲವಾದ ಅಯಸ್ಕಾಂತದ ಡ್ರೈವರ್. ಇದರ ಬೇರು ಇಂಗ್ಲೆಂಡಿನ ಸ್ಪೀಕರ್ ವಿನ್ಯಾಸಕ ಪಾಲ್ ವಾಯ್ಟ್ ಅವರ ಕೆಲಸದಲ್ಲಿದೆ. ಅವರ ದಾರಿಯಲ್ಲೇ ಬೆಳೆದದ್ದು ಲೋದರ್ ಡ್ರೈವರ್‌ಗಳು. ದೊಡ್ಡ ಕೋನ್‌ನ ನಡುವೆ ಮೇಲಿನ ಸ್ವರಗಳಿಗಾಗಿ ಒಂದು ಚಿಕ್ಕ ಕೋನ್ ಅಂಟಿಸಿರುತ್ತಾರಲ್ಲ, ಅದೇ ಜಾತಿ. ಜಪಾನಿನ ಫಾಸ್ಟೆಕ್ಸ್‌ನ ಎಫ್‌ಇ206 ಕೂಡ ಇಂಥದ್ದೇ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 96 ಡೆಸಿಬೆಲ್. ಎಂಟು ವ್ಯಾಟ್‌ನ ವಾಲ್ವ್ ಆಂಪ್ಲಿಫೈಯರ್ ಇದ್ದರೂ ಮನೆ ತುಂಬುತ್ತದೆ. ಆದರೆ ಅಯಸ್ಕಾಂತ ಇಷ್ಟು ಬಲವಾಗಿದ್ದರೆ ಸಾಮಾನ್ಯ ಪೆಟ್ಟಿಗೆಯಲ್ಲಿ ಬಾಸ್, ಅಂದರೆ ಕೆಳಗಿನ ಸ್ವರಗಳು, ಬೇಗ ಇಳಿದುಹೋಗುತ್ತದೆ. ಅದನ್ನು ಎತ್ತಲು ಕೋನ್‌ನ ಹಿಂದಿನ ಸದ್ದನ್ನು ಉದ್ದನೆಯ ಮಡಚಿದ ಕೊಳವೆಯಲ್ಲಿ ಹಾಯಿಸುವ ದೊಡ್ಡ ಹಾರ್ನ್ ಪೆಟ್ಟಿಗೆ ಬೇಕು.

ಎರಡನೆಯದು ಪೆಟ್ಟಿಗೆಯೇ ಇಲ್ಲದ ಬರೀ ಹಲಗೆ. ಜರ್ಮನಿಯ ವಿಸಾಟನ್ ಬಿ200 ಥರದ ಡ್ರೈವರ್‌ಗಳು ಅದಕ್ಕೆ ಹೇಳಿಮಾಡಿಸಿದವು. ಹಲಗೆಯ ಹಿಂದೆ ಒಂದು ಮೀಟರ್ ಆದರೂ ಜಾಗ ಬಿಡಬೇಕು. ಈ ಹಾಲ್‌ನಲ್ಲಿ ಇಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಮೂರನೆಯದು ಫಾಸ್ಟೆಕ್ಸ್ ಎಫ್‌ಇ103 ಜಾತಿಯ 4 ಇಂಚಿನದು. 1964ರಿಂದ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಕೆಲವು ಮಾದರಿಗಳ ಕೋನ್‌ನಲ್ಲಿ ಬಾಳೆ ಜಾತಿಯ ಗಿಡದ ನಾರು ಸೇರಿಸುತ್ತಾರೆ. ಸಣ್ಣ ಪೆಟ್ಟಿಗೆ ಸಾಕು.

ನಾಲ್ಕನೆಯದು ಮಾರ್ಕ್ ಆಡಿಯೋದ ಆಲ್ಪೇರ್ 10ಪಿ ಥರದ 6 ಇಂಚು ವರ್ಗದ ಕಾಗದದ ಕೋನ್. ನಡುವೆ ಎರಡನೇ ಕೋನ್ ಇಲ್ಲ, ಕೋನ್‌ನ ಆಳ ಕಡಿಮೆ, ಹಿಂದೆಮುಂದೆ ಆಡುವ ದೂರ ಜಾಸ್ತಿ. ಅದಕ್ಕೆ ಬದಲಾಗಿ ಸೂಕ್ಷ್ಮತೆ ಕಡಿಮೆ. ವಾಲ್ವ್ ಆಂಪ್ಲಿಫೈಯರ್ ಪ್ರಿಯರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ಮಾವನ ಹತ್ತಿರ ಇರುವುದು 25 ವ್ಯಾಟ್‌ನ ಸಾದಾ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಅದರಿಂದ ತೊಂದರೆ ಆಗಲಿಲ್ಲ.

ಕೇಳಿದ್ದು

8 ಇಂಚಿನ ಹಾರ್ನ್ ಜೋಡಿ ಬೆಂಗಳೂರಿನ ಪರಿಚಿತರ ಮನೆಯಲ್ಲಿತ್ತು. ಅತ್ತೆ, ಮಾವ ಇಬ್ಬರನ್ನೂ ಕರೆದುಕೊಂಡು ಹೋದೆ. ನಿಧಾನ ಲಯದ ವಿಲಂಬಿತ್ ಖಯಾಲ್ ಹಾಕಿದರು. ಮೊದಲ ಆವರ್ತನಕ್ಕೇ ಮಾವ ಕುರ್ಚಿಯ ತುದಿಗೆ ಬಂದರು. ತಬಲಾದ ಒಂದೊಂದು ಬೆರಳೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಸದ್ದು ಸ್ಪೀಕರ್‌ನಿಂದ ಹೊರಡಲು ಒದ್ದಾಡುವುದೇ ಇಲ್ಲ. ಇಂಥ ಡ್ರೈವರ್‌ಗಳನ್ನು ಜನ ಯಾಕೆ ಇಷ್ಟು ಪ್ರೀತಿಸುತ್ತಾರೆ ಅಂತ ಒಂದು ಸಲ ಕೇಳಿದರೆ ಗೊತ್ತಾಗುತ್ತದೆ. ಆದರೆ ವೇಗದ ದ್ರುತ್‌ಗೆ ಬಂದು ಗಾಯಕರು ತಾರಷಡ್ಜದಲ್ಲಿ ನಿಂತಾಗ ದನಿ ಮುಖಕ್ಕೆ ಹೊಡೆಯಿತು. 2,000ಕ್ಕೂ 5,000 ಹರ್ಟ್ಜ್‌ಗೂ ನಡುವೆ ಒಂದು ಉಬ್ಬು ಇರುವುದು ಈ ಜಾತಿಯ ಎಷ್ಟೋ ಡ್ರೈವರ್‌ಗಳ ಗುಣ. ಗಾರೆ ನೆಲದ ಹಾಲ್‌ನಲ್ಲಿ ಅದು ಇನ್ನೂ ಚುಚ್ಚುತ್ತದೆ.

ಅತ್ತೆಯನ್ನು ಬೇಕಂತಲೇ ಪಕ್ಕಕ್ಕೆ ಕೂರಿಸಿದ್ದೆ. ಅವರು ಸ್ವಲ್ಪ ಹೊತ್ತು ಕೇಳಿ, "ಇಲ್ಲಿಗೆ ಹಾಡು ಕೇಳ್ಸುತ್ತೆ, ಮಾತು ಕೇಳ್ಸಲ್ಲ" ಅಂದರು. ಎದುರಿನ ಕುರ್ಚಿಗೆ ಬಂದು ಕೂತರು. "ಓ, ಇಲ್ಲಿ ಬೇರೇನೇ ಇದೆ." ಸಾಹಿತ್ಯದ ವ್ಯಂಜನಗಳೆಲ್ಲ ಆ ಟಾರ್ಚ್ ಬೆಳಕಿನ ಒಳಗೇ ಉಳಿದಿದ್ದವು. ವಾಪಸ್ ಬರುವಾಗ ಇನ್ನೊಂದು ಮಾತನ್ನೂ ಅವರು ಖಂಡಿತವಾಗಿ ಹೇಳಿದರು: ಅಷ್ಟು ದೊಡ್ಡ ಪೆಟ್ಟಿಗೆ ಹಾಲ್‌ಗೆ ಬೇಡ.

4 ಇಂಚಿನ ಜೋಡಿಯನ್ನು ಎರವಲು ತಂದು ಮೈಸೂರಿನ ಹಾಲ್‌ನಲ್ಲೇ ಇಟ್ಟೆವು. ಹೆಂಗಸರ ಗಾಯನ, ವೀಣೆ ಅದ್ಭುತವಾಗಿ ಬಂತು. ವೀಣೆಯಲ್ಲಿ ಮೀಟಿನ ಉಗುರು ತಾಗಿ ಸ್ವರ ಹುಟ್ಟುವ ಕ್ಷಣವೂ ಕೇಳುತ್ತಿತ್ತು, ಆಮೇಲಿನ ಗಮಕವೂ ಒಂದೇ ಎಳೆಯಲ್ಲಿ ಬರುತ್ತಿತ್ತು. ಪಕ್ಕದ ಕುರ್ಚಿಗೂ ಪದಗಳು ಸ್ಪಷ್ಟವಾಗಿದ್ದವು. ಗಂಡಸರ ಗಾಯನ ಹಾಕಿದಾಗ ತಂಬೂರಿ ಮಿಂಚಿತು, ಆದರೆ ತೇಲಿತು. ಡಗ್ಗಾ ಹಲಗೆ ತಟ್ಟಿದ ಹಾಗೆ ಕೇಳಿಸಿತು. ಇದಕ್ಕೊಂದು ಸಬ್‌ವೂಫರ್ ಜೊತೆಮಾಡಿ 100 ಹರ್ಟ್ಜ್ ಕೆಳಗಿನದನ್ನೆಲ್ಲ ಅದಕ್ಕೆ ಬಿಟ್ಟರೆ ಸಣ್ಣ ಕೋನ್ ಹಗುರಾಗಿ ಕೆಲಸ ಮಾಡುತ್ತದೆ. ಬೇರೆಯವರು ಕೇಳಿದರೆ ನಾನು ಈ ದಾರಿಯನ್ನು ಧೈರ್ಯವಾಗಿ ಹೇಳುತ್ತೇನೆ. ಆದರೆ ಮಾವನಿಗೆ ಮೂರನೇ ಪೆಟ್ಟಿಗೆ, ಇನ್ನೊಂದು ಪ್ಲಗ್, ಇನ್ನೊಂದು ತಿರುಗಣಿ ಬೇಡವಾಗಿತ್ತು.

ಉಳಿದದ್ದು 6 ಇಂಚಿನದು. ಅಗಲ ಈ ಎರಡರ ನಡುವಿನದು, ಬಾಸ್‌ಗೆ ಆಡುವ ದೂರ ಇದೆ, ಮಧ್ಯದಲ್ಲಿ ಚುಚ್ಚುವುದಿಲ್ಲ. 8 ಇಂಚಿನದರ ಆ ಜೀವಂತಿಕೆ ಇದರಲ್ಲಿ ಅಷ್ಟಿಲ್ಲ. ಮಾವನಿಗೆ ಅದನ್ನು ಮೊದಲೇ ಬಿಡಿಸಿ ಹೇಳಿದೆ. "ನಿಮ್ಮತ್ತೆಗೂ ಪದ ಕೇಳಿಸ್ಲಿ ಬಿಡು," ಅಂದರು. ಆಲ್ಪೇರ್ 10ಪಿ ಜೋಡಿ ತರಿಸಿದೆವು.

ಸದ್ದು ಸಾಕಾಗುತ್ತದೆಯೇ ಅಂತ ಮೊದಲೇ ಲೆಕ್ಕ ಹಾಕಿದ್ದೆ. ಸೂಕ್ಷ್ಮತೆ 88 ಡೆಸಿಬೆಲ್ ಅಂತ ಬಿಗಿಯಾಗಿ ಹಿಡಿಯೋಣ. ಮುಂದೆ ಹೇಳುವ ತಿದ್ದುಪಡಿಗೆ 3 ಕಳೆಯಬೇಕು, ಎರಡು ಸ್ಪೀಕರ್ ಇರುವುದಕ್ಕೆ 3 ಕೂಡಬೇಕು, ಮೂರು ಮೀಟರ್ ದೂರಕ್ಕೆ ಒಂಬತ್ತೂವರೆ ಕಳೆಯಬೇಕು. ಒಂದೊಂದು ವ್ಯಾಟ್‌ಗೆ ಸುಮಾರು 78 ಉಳಿಯುತ್ತದೆ. ಹತ್ತು ವ್ಯಾಟ್‌ಗೆ 88. ಗೋಡೆಗಳು ತಿರುಗಿಸಿ ಕೊಡುವುದು ಅದರ ಮೇಲೆ. ಮಾವ ಕೇಳುವುದು ಸರಾಸರಿ 70ರ ಆಸುಪಾಸು. ಧಾರಾಳವಾಯಿತು.

ಪೆಟ್ಟಿಗೆ

18 ಮಿ.ಮೀ. ನೀರು ತಡೆಯುವ ಪ್ಲೈವುಡ್‌ನಲ್ಲಿ ಬಡಗಿ ಮಾಡಿಕೊಟ್ಟರು. ಒಳ ಅಳತೆ 18.4 ಸೆಂ.ಮೀ. ಅಗಲ, 24 ಆಳ, 41 ಎತ್ತರ. ಒಟ್ಟು 18 ಲೀಟರ್. ಪೆಟ್ಟಿಗೆಯೊಳಗಿನ ಗಾಳಿ ಬಾಸ್‌ಗೆ ನೆರವಾಗುವ ಹಾಗೆ 45 ಹರ್ಟ್ಜ್‌ಗೆ ಶ್ರುತಿ ಮಾಡಲು 5 ಸೆಂ.ಮೀ. ಒಳ ಅಗಲದ ಪಿವಿಸಿ ಪೈಪ್, ಉದ್ದ ಹನ್ನೆರಡೂವರೆ ಸೆಂ.ಮೀ. ಪೈಪನ್ನು ಮೊದಲು ಒಂದೆರಡು ಸೆಂ.ಮೀ. ಉದ್ದವಾಗೇ ಇಟ್ಟು, ಕೇಳಿ, ಅಳೆದು, ಆಮೇಲೆ ಕತ್ತರಿಸುವುದು ಒಳ್ಳೆಯದು. ಒಳಗೆ ಹಿಂದಿನ ಮತ್ತು ಪಕ್ಕದ ಹಲಗೆಗಳಿಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ.

ಒಂದು ಕೆಲಸವನ್ನು ಮಾತ್ರ ನಾನು ಪಕ್ಕದಲ್ಲೇ ನಿಂತು ಮಾಡಿಸಿದೆ. ಡ್ರೈವರ್ ಕೂರುವ ತೂತನ್ನು ಬಡಗಿಗಳು ಸಾಮಾನ್ಯವಾಗಿ ನೇರವಾಗಿ ಕೊರೆದು ಬಿಡುತ್ತಾರೆ. ಆಗ ಕೋನ್‌ನ ಹಿಂದೆ 18 ಮಿ.ಮೀ. ಆಳದ ಕೊಳವೆ ಆದಂತಾಗುತ್ತದೆ. ಡ್ರೈವರ್‌ನ ಚೌಕಟ್ಟು ಆ ತೂತನ್ನು ಬಹುಪಾಲು ಮುಚ್ಚಿಕೊಂಡಿರುತ್ತದೆ. ಹಿಂದಕ್ಕೆ ಹೋಗಬೇಕಾದ ಗಾಳಿ ಅಲ್ಲೇ ಸಿಕ್ಕಿಕೊಂಡು, ಸದ್ದು ಕೋನ್ ಮೂಲಕವೇ ವಾಪಸ್ ಬರುತ್ತದೆ. ದನಿಗೆ ಡಬ್ಬದ ಗುಣ ಬರುವುದು ಹೀಗೂ ಉಂಟು. ಅದಕ್ಕೆ ತೂತಿನ ಒಳ ಅಂಚನ್ನು ರೌಟರ್‌ನಲ್ಲಿ 45 ಡಿಗ್ರಿ ಓರೆಯಾಗಿ ಸವರಬೇಕು, ಸ್ಕ್ರೂ ಹಿಡಿಯುವ ಕಡೆ ಮಾತ್ರ ಮರ ಉಳಿಸಿಕೊಂಡು. ಬಡಗಿ ಮೊದಲು, "ಮರ ವೀಕ್ ಆಗುತ್ತೆ ಸಾರ್" ಅಂದರು. ಕೋನ್‌ನ ಹಿಂಭಾಗ ತೋರಿಸಿದ ಮೇಲೆ ಅವರೇ ಮರಳು ಕಾಗದ ಹಿಡಿದು ಅಂಚನ್ನೆಲ್ಲ ನುಣುಪು ಮಾಡಿದರು.

ಇನ್ನು ಆ 3 ಡೆಸಿಬೆಲ್ ತಿದ್ದುಪಡಿ. ಮೇಲಿನ ಸ್ವರಗಳಿಗೆ ಪೆಟ್ಟಿಗೆಯ ಮುಂದಿನ ಹಲಗೆ ಗೋಡೆಯಂತೆ ಆಸರೆ ಕೊಡುತ್ತದೆ, ಸದ್ದೆಲ್ಲ ಮುಂದಕ್ಕೇ ಬರುತ್ತದೆ. ಕೆಳಗಿನ ಸ್ವರಗಳ ಅಲೆ ಉದ್ದ, ಅವು ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೂ ಹೋಗುತ್ತವೆ. 115ನ್ನು ಹಲಗೆಯ ಅಗಲದಿಂದ, ಮೀಟರ್‌ನಲ್ಲಿ, ಭಾಗಿಸಿದರೆ ಈ ಬದಲಾವಣೆ ಎಲ್ಲಿ ಆಗುತ್ತದೆ ಅಂತ ಸಿಗುತ್ತದೆ. ನಮ್ಮ ಹಲಗೆ 22 ಸೆಂ.ಮೀ., ಹಾಗಾಗಿ 520 ಹರ್ಟ್ಜ್ ಸುತ್ತ. ಬಯಲಿನಲ್ಲಾದರೆ ಅದರ ಕೆಳಗೆ ಒಟ್ಟು 6 ಡೆಸಿಬೆಲ್ ಕಡಿಮೆಯಾಗುತ್ತದೆ. ಫುಲ್‌ರೇಂಜ್ ಸ್ಪೀಕರ್ ತೆಳ್ಳಗೆ, ಕೀರಲಾಗಿ ಕೇಳುತ್ತದೆ ಅನ್ನುವ ದೂರಿಗೆ ಎಷ್ಟೋ ಸಲ ಡ್ರೈವರ್ ಕಾರಣ ಅಲ್ಲ, ಇದು ಕಾರಣ.

ಇಲ್ಲಿ ಹಿಂದಿನ ಗೋಡೆ ಒಂದೇ ಅಡಿ ದೂರ. ಅದು ಅರ್ಧದಷ್ಟನ್ನು ತುಂಬಿಕೊಡುತ್ತದೆ. ಉಳಿದ ಅರ್ಧಕ್ಕೆ 1 ಮಿಲಿಹೆನ್ರಿ ಕಾಯಿಲ್ ಮತ್ತು 3.3 ಓಮ್ ರೆಸಿಸ್ಟರನ್ನು ಒಂದಕ್ಕೊಂದು ಪ್ಯಾರಲಲ್ ಮಾಡಿ ಡ್ರೈವರ್‌ಗೆ ಸೀರೀಸ್‌ನಲ್ಲಿ ಹಾಕಿದೆವು. 8 ಓಮ್ ಡ್ರೈವರ್ ಅಂತ ಹಿಡಿದರೆ ಮೇಲಿನ ಭಾಗ 3 ಡೆಸಿಬೆಲ್ ಇಳಿಯುತ್ತದೆ. ಡ್ರೈವರ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಏನೂ ಇರಬಾರದು ಅಂತ ಹಠ ಹಿಡಿಯುವವರಿದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಈ ಹಾಲ್‌ನಲ್ಲಿ ಕಾಯಿಲ್ ತೆಗೆದು ಕೇಳಿದಾಗ ಗಾಯಕರ ಎದೆ ಮಾಯವಾಗಿ ಬರೀ ಗಂಟಲು ಉಳಿಯಿತು. ಮಾವ ಒಂದೇ ನಿಮಿಷಕ್ಕೆ "ಹಾಕಪ್ಪಾ ಅದನ್ನ ವಾಪಸ್" ಅಂದರು.

ಕೂರಿಸಿದ್ದು

ಮೊದಲ ಕೆಲವು ವಾರ ಸಣ್ಣ ಸದ್ದಿನಲ್ಲೇ ಓಡಿಸಿದೆವು. ಈ ಜಾತಿಯ ಡ್ರೈವರ್‌ಗಳ ಅಂಚು ಸಡಿಲವಾಗಲು ಸಮಯ ಬೇಕು.

ಮೈಕ್ ಇಟ್ಟು ಅಳೆದಾಗ 40 ಹರ್ಟ್ಜ್ ಹತ್ತಿರ ಒಂದು ಗುಡ್ಡ ಕಂಡಿತು. 14 ಅಡಿ ಅಂದರೆ 4.27 ಮೀಟರ್. ಅಷ್ಟು ಉದ್ದದಲ್ಲಿ ಸದ್ದು ನಿಂತ ಅಲೆಯಾಗುವುದು 40 ಹರ್ಟ್ಜ್‌ನಲ್ಲೇ. ಮಾವನ ಕುರ್ಚಿ ಹಿಂದಿನ ಗೋಡೆಗೆ ಒರಗಿಕೊಂಡಿತ್ತು, ಅಲ್ಲಿ ಈ ಗುಂಯ್‌ಗುಡುವಿಕೆ ಅತಿ ಜಾಸ್ತಿ. ಎರಡು ಅಡಿ ಮುಂದೆ ಎಳೆದ ಮೇಲೆ ಡಗ್ಗಾದ ಮೀಂಡ್ (ಜಾರುವ ನಾದ) ಬಿಡಿಸಿಕೊಂಡು ಕೇಳಿತು. ನೆಲಕ್ಕೆ ನವಲಗುಂದದ ಜಮಖಾನ ಹಾಸಿದೆವು, ಪುಸ್ತಕದ ಕಪಾಟನ್ನು ಎದುರು ಗೋಡೆಗೆ ಸರಿಸಿದೆವು. ಚಪ್ಪಾಳೆಯ ಟಣ್ ಕಡಿಮೆಯಾಯಿತು. ಹಣದ ಲೆಕ್ಕದಲ್ಲಿ ನೋಡಿದರೆ ಜಮಖಾನದಷ್ಟು ಫಲ ಕೊಟ್ಟ ಖರ್ಚು ಇನ್ನೊಂದಿಲ್ಲ.

ಸ್ಪೀಕರ್‌ಗಳನ್ನು ಮಾವನ ಕಿವಿಗೆ ನೇರ ಗುರಿಯಿಡಲಿಲ್ಲ. ಎರಡರ ದಿಕ್ಕೂ ಮಾವನ ಕುರ್ಚಿಗಿಂತ ಸ್ವಲ್ಪ ಮುಂದೆಯೇ ಒಂದನ್ನೊಂದು ದಾಟುವ ಹಾಗೆ ಒಳಕ್ಕೆ ತಿರುಗಿಸಿದೆವು. ಆಗ ಎಡಗಡೆ ಕೂತ ಅತ್ತೆಗೆ ದೂರದ ಬಲ ಸ್ಪೀಕರ್ ಹೆಚ್ಚು ನೇರವಾಗುತ್ತದೆ, ಹತ್ತಿರದ ಎಡ ಸ್ಪೀಕರ್ ಓರೆಯಾಗುತ್ತದೆ. ಎರಡರ ಜೋರು ಹೆಚ್ಚುಕಡಿಮೆ ಸಮವಾಗಿ, ಹಾಡುವವರು ಎಡ ಮೂಲೆಗೆ ಜಾರದೆ ನಡುವಿನ ಹತ್ತಿರವೇ ನಿಲ್ಲುತ್ತಾರೆ. ನಡುವಿನ ಕುರ್ಚಿಗೂ ಲಾಭ ಆಯಿತು. ಡ್ರೈವರ್‌ನ ನೇರಕ್ಕೆ ಇರುವ ಸ್ವಲ್ಪ ಹೊಳಪು ತಗ್ಗಿತು.

10,000 ಹರ್ಟ್ಜ್ ಮೇಲೆ ಪಕ್ಕದ ಕುರ್ಚಿಗೆ ಸದ್ದು ಇಳಿಯುವುದು ಈಗಲೂ ಇದೆ. ಅತಿ ಎತ್ತರದ ಸ್ವರಗಳಿಗಷ್ಟೇ ಇರುವ ಸೂಪರ್ ಟ್ವೀಟರ್ ಸೇರಿಸಬಹುದಿತ್ತು. 70 ದಾಟಿದ ಕಿವಿಗಳಿಗೆ ಆ ಎತ್ತರದ ಸದ್ದು ಸಾಮಾನ್ಯವಾಗಿ ಅಷ್ಟು ತಲುಪುವುದೇ ಇಲ್ಲ, ಹಾಗಾಗಿ ಬೇಡ ಅಂದುಕೊಂಡೆವು. 25 ವರ್ಷದವರ ಮನೆಯಾಗಿದ್ದರೆ ಬೇರೆ ಮಾತು.

ಒಂದು ಎಚ್ಚರಿಕೆ ಮಾತ್ರ ಉಳಿದಿತ್ತು. ಮೊಮ್ಮಕ್ಕಳು ಬಂದಾಗ ಸಿನಿಮಾ ಹಾಡು ಜೋರಾಗಿ ಹಾಕುತ್ತಾರೆ. ಪೈಪ್ ಇರುವ ಪೆಟ್ಟಿಗೆಯಲ್ಲಿ ಶ್ರುತಿ ಮಾಡಿದ ಹರ್ಟ್ಜ್‌ಗಿಂತ ಕೆಳಗೆ ಹೋದರೆ ಕೋನ್‌ಗೆ ಗಾಳಿಯ ಹಿಡಿತ ತಪ್ಪುತ್ತದೆ, ಸದ್ದು ಬರದಿದ್ದರೂ ಕೋನ್ ಮಾತ್ರ ಅತಿಯಾಗಿ ಆಡುತ್ತದೆ. ಅದಕ್ಕೆ ಹಾಡು ನುಡಿಸುವ ಸಾಫ್ಟ್‌ವೇರ್‌ನಲ್ಲೇ 35 ಹರ್ಟ್ಜ್ ಕೆಳಗಿನದನ್ನು ಕತ್ತರಿಸುವ ಫಿಲ್ಟರ್ ಹಾಕಿಟ್ಟಿದ್ದೇನೆ. ಮಾವನ ಖಯಾಲ್‌ಗೆ ಅದರಿಂದ ಏನೂ ವ್ಯತ್ಯಾಸವಿಲ್ಲ. ಮೊಮ್ಮಕ್ಕಳಿಗೆ ಆಂಪ್ಲಿಫೈಯರ್‌ನ ತಿರುಗಣಿಯ ಮೇಲೆ ಒಂದು ಬಿಳಿ ಗುರುತು ಮಾಡಿಕೊಟ್ಟಿದ್ದೇನೆ, ಅದನ್ನು ದಾಟಬೇಡಿ ಅಂತ.